ಲೈನಿನ ಮೇಲೆ ಯಾರಾದರೂ ಇದ್ದಾರೇನು

ಹೋದ ತಿಂಗಳು ಅಣ್ಣಿಗೇರಿ ಕಡೆಯಿಂದ ನವಲಗುಂದಕ್ಕೆ ಹೊರಟಿದ್ದಾಗ ಜೀಪಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಡ್ರೈವರ್ ಸ್ಟೆಪ್ನಿ ಇಳಿಸುವಷ್ಟರಲ್ಲಿ ನಾನು ರಸ್ತೆಯ ಬದಿಗೆ ಹೋಗಿ ನಿಂತೆ. ಎರಡೂ ಕಡೆ ಎರೆಹೊಲ, ದೂರದಲ್ಲೊಂದು ಟ್ರ್ಯಾಕ್ಟರ್. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಆ ಗಾಳಿಯ ಅಡಿಯಲ್ಲಿ ಇನ್ನೊಂದು ಸದ್ದು ಕಿವಿಗೆ ಬಿತ್ತು. ಹೆಜ್ಜೇನಿನ ಗೂಡಿನ ಹತ್ತಿರ ನಿಂತಂತೆ, ಸಣ್ಣಗೆ, ಬಿಡದೆ ಗುಂಯ್ ಎನ್ನುವ ಸದ್ದು. ತಿರುಗಿ ನೋಡಿದರೆ ತಂತಿಬೇಲಿ, ಅದರಾಚೆ ದೊಡ್ಡ ಟ್ರಾನ್ಸ್‌ಫಾರ್ಮರುಗಳು, ಕೊನೆಯಲ್ಲಿ ಕಬ್ಬಿಣದ ಬಾಗಿಲಿನ ಒಂದು ಕೋಣೆ. ಗೋಡೆಗೆ ಹೊಸ ಬಣ್ಣ ಹೊಡೆದಿದ್ದರು. ಆದರೂ ಗುರುತು ಸಿಕ್ಕಿತು.

"ಮೇಡಂ, ಒಳಗ ಕುಂಡ್ರ್ರಿ, ಬಿಸಲೈತಿ" ಎಂದು ಡ್ರೈವರ್ ಕರೆದ. ನಾನು ಹೋಗಲಿಲ್ಲ.

ನಾನೀಗ ಪೊಲೀಸ್ ತರಬೇತಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಮನುಷ್ಯರನ್ನು ಒತ್ತೆ ಇಟ್ಟುಕೊಂಡು ಕುಳಿತವನ ಜೊತೆ ಹೇಗೆ ಮಾತಾಡಬೇಕು ಎನ್ನುವುದು ಅದರಲ್ಲೊಂದು. ಹೊಸ ಹುಡುಗರು ಸಿನಿಮಾ ನೋಡಿಕೊಂಡು ಬಂದಿರುತ್ತಾರೆ. ಹಿಂದಿನ ಕಿಟಕಿ ಒಡೆದು ಒಳಗೆ ನುಗ್ಗುವುದು ಯಾವಾಗ ಎಂದು ಕೇಳುತ್ತಾರೆ. ಮಾತಿನಿಂದ ಒಂದು ಬಾಗಿಲು ತೆರೆಯುತ್ತದೆ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ನನಗೂ ಬಂದಿರಲಿಲ್ಲ, ಈ ಬೇಲಿಯ ಹೊರಗೆ ಕುಳಿತು ನೋಡುವ ತನಕ.

ಅದು ನನ್ನ ಮೊದಲ ಪೋಸ್ಟಿಂಗು. ನಾನು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ ಕಡೆಯವಳು. ನಮ್ಮಲ್ಲಿ ಮಣ್ಣು ಕೆಂಪು, ಭತ್ತದ ಗದ್ದೆ, ಊರಿನ ಬೆನ್ನಿಗೆ ಕಾಡು. ಇಲ್ಲಿಗೆ ಬಂದ ಹೊಸದರಲ್ಲಿ ನೋಟ ಎಲ್ಲಿಯೂ ತಡೆಯದೆ ನೇರ ಆಕಾಶಕ್ಕೆ ಹೋಗಿ ಮುಟ್ಟುತ್ತಿದ್ದುದು ವಿಚಿತ್ರವೆನಿಸುತ್ತಿತ್ತು. ಹಿಂಗಾರಿನ ಕಡಲೆ ಬಲಿಯುತ್ತಿದ್ದ ಕಾಲ. ನಸುಕಿನಲ್ಲಿ ಗಸ್ತಿನಿಂದ ಬರುವಾಗ ಹೆಂಗಸರು ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಎಳೆದಾಡುತ್ತಿರುತ್ತಿದ್ದರು. ಗಿಡದ ಹುಳಿ ಇಬ್ಬನಿಯ ಜೊತೆ ಬಟ್ಟೆಗೆ ಇಳಿಯುತ್ತದೆ, ಅದನ್ನು ಹಿಂಡಿ ಸೀಸೆಯಲ್ಲಿಟ್ಟರೆ ಹೊಟ್ಟೆನೋವಿಗೆ ಔಷಧ ಎಂದು ನನಗೆ ಆಗಲೇ ತಿಳಿದದ್ದು. ಬಿಸಿಲೇರಿದಂತೆ ಮೂಡಣದ ಒಣಗಾಳಿ ಎದ್ದು ತುಟಿ ಬಿರಿಯುತ್ತಿತ್ತು. ಠಾಣೆಗೆ ಬರುತ್ತಿದ್ದ ದೂರುಗಳೂ ಹೊಲದವೇ: ಕಳುವಾದ ಪಂಪ್‌ಸೆಟ್ಟು, ಬದುವಿನ ಜಗಳ, ಬೆಂಕಿ ಬಿದ್ದ ಬಣವೆ.

ನಮ್ಮ ಇನ್‌ಸ್ಪೆಕ್ಟರ್ ನಡುವಿನಮನಿ ಸಾಹೇಬರು ಯಾರ ಮಾತನ್ನೂ ಮುಗಿಸಲು ಬಿಟ್ಟವರಲ್ಲ. ನಿವೃತ್ತಿ ಹತ್ತಿರ ಬಂದಿತ್ತು, ದನಿ ಮಾತ್ರ ತಾರುಣ್ಯದ್ದು. ದೂರು ತಂದವನು "ನಮ್ಮ ಎಮ್ಮಿರಿ..." ಎನ್ನುವಷ್ಟರಲ್ಲಿ "ಕಳುವಾತು. ಮುಂದ ಹೇಳು" ಎಂದುಬಿಡುತ್ತಿದ್ದರು. ಎಮ್ಮೆ ಕಳುವಾಗಿರಲಿಲ್ಲ, ಪಕ್ಕದವನ ಹೊಲ ಮೇದಿತ್ತು ಎನ್ನುವುದು ಆಮೇಲೆ ತಿಳಿಯುತ್ತಿತ್ತು. ನಾನು ವಾರಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಅವರನ್ನು ಬೈದುಕೊಳ್ಳುತ್ತಿದ್ದೆ. ತರಬೇತಿಯಲ್ಲಿ ನಮಗೆ ಹೇಳಿದ್ದ ಒಳ್ಳೆಯ ಅಧಿಕಾರಿಯ ಚಿತ್ರಕ್ಕೂ ಅವರಿಗೂ ಹೊಂದಿಕೆಯೇ ಇರಲಿಲ್ಲ.

ಸುಗ್ಗಿ ಆರಂಭವಾಗುತ್ತಿದ್ದ ಒಂದು ಬೆಳಿಗ್ಗೆ ಸುತ್ತಲಿನ ಊರುಗಳಿಗೆಲ್ಲ ಕರೆಂಟು ಹೋಯಿತು. ಕರೆಂಟು ಹೋಗುವುದು ಹೊಸದಲ್ಲ. ಆದರೆ ಅದರ ಬೆನ್ನಿಗೇ ಫೋನು ಬಂತು. ಫಕ್ಕೀರಪ್ಪ ಎಂಬ ವೆಲ್ಡಿಂಗ್ ಅಂಗಡಿಯವನು ಪೆಟ್ರೋಲ್ ಡಬ್ಬಿ ಹಿಡಿದು ಗ್ರಿಡ್ಡಿನ ಕೋಣೆಗೆ ಹೊಕ್ಕಿದ್ದಾನೆ. ಪಾಳಿಯ ಮೇಲಿದ್ದ ಆಪರೇಟರ್ ಚನ್ನಬಸಪ್ಪನಿಂದ ಎಲ್ಲ ಲೈನು ಬಂದ್ ಮಾಡಿಸಿ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾನೆ. ಕಸ ಗುಡಿಸಲು ಬಂದಿದ್ದ ಯಲ್ಲವ್ವನೂ ಒಳಗೇ ಸಿಕ್ಕಿಬಿದ್ದಿದ್ದಾಳೆ. ಕರೆಂಟು ಬಿಡುವ, ಬಂದ್ ಮಾಡುವ ಆ ಜಾಗವನ್ನು ಇಲ್ಲಿಯ ಜನ ಗ್ರಿಡ್ ಅನ್ನುತ್ತಾರೆ. ಆವರಣದಲ್ಲಿರುವ ಟ್ರಾನ್ಸ್‌ಫಾರ್ಮರುಗಳ ತುಂಬ ಎಣ್ಣೆ. ಅಲ್ಲಿ ಪೆಟ್ರೋಲ್ ಹೊತ್ತಿಕೊಂಡರೆ ಒಳಗಿನವರಷ್ಟೇ ಅಲ್ಲ, ಹೊರಗಿನವರೂ ಉಳಿಯುವುದು ಕಷ್ಟ.

ನಾವು ಹೋಗುವಷ್ಟರಲ್ಲಿ ಜನ ಸೇರಿದ್ದರು. ಸಾಹೇಬರು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಸಿಬ್ಬಂದಿಯನ್ನು ಬಾಗಿಲಿನಿಂದ ದೂರ ಸರಿಸಿದ್ದು. ಬೆಂಕಿಯ ಗಾಡಿಗೆ ಸೈರನ್ ಹಾಕದೆ ಬರಲು, ಮರೆಯಲ್ಲಿ ನಿಲ್ಲಲು ಹೇಳಿದರು. ಧಾರವಾಡದಿಂದ ಮೇಲಿನ ಅಧಿಕಾರಿ ಬಂದಾಗ ಅವರನ್ನು ದೂರದ ಬೇವಿನ ಮರದ ಕೆಳಗೆ ಕೂಡಿಸಿ, "ಸರ್, ನಿರ್ಧಾರ ಎಲ್ಲಾ ನಿಮ್ದು. ಆದ್ರ ಮಾತಾಡೂದು ಮಾತ್ರ ನೀವು ಮಾಡಬ್ಯಾಡ್ರಿ" ಅಂದರು. ನನಗೆ ತರಬೇತಿಯ ಪಾಠ ನೆನಪಾಯಿತು. ಮಾತಾಡುವವನ ಕೈಯಲ್ಲಿ ಅಧಿಕಾರ ಇರಬಾರದು. ಇದ್ದರೆ ಒಳಗಿನವನು ಈಗಲೇ ಹೌದೋ ಅಲ್ಲವೋ ಹೇಳು ಅನ್ನುತ್ತಾನೆ. ಇಲ್ಲದಿದ್ದರೆ "ಕೇಳಿ ಹೇಳ್ತೀನಿ" ಎಂದು ಹೊತ್ತು ಕಳೆಯಬಹುದು. ಹೊತ್ತು ಕಳೆದಷ್ಟೂ ಮನುಷ್ಯ ತಣ್ಣಗಾಗುತ್ತಾನೆ.

ಜೀಪಿನ ಹಿಂದಿನ ಸೀಟಿನಲ್ಲಿ ಅವರು ಕುಳಿತರು. ನನಗೆ ಹೇಳಿದರು: "ತಂಗಿ, ನೀ ಬಾಜು ಕುಂಡ್ರು. ಮಾತಾಡಬ್ಯಾಡ. ನಾ ಎಲ್ಲೆರೆ ತಪ್ಪಿದ್ರ ಚೀಟಿ ಬರದು ಮುಂದ ಹಿಡಿ." ಇಡೀ ಮಾತು ನನಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದರು.

"ಫಕ್ಕೀರಪ್ಪ, ನಾ ಠಾಣಾದಿಂದ ನಡುವಿನಮನಿ ಮಾತಾಡಾಕತ್ತೀನಿ. ನೀ ಆರಾಮ ಅದಿ ಏನು?"

ಆ ಕಡೆ ಡಬ್ಬಿ ನೆಲಕ್ಕೆ ತಾಗಿದ ಸದ್ದು.

"ಒಳಗ ಯಾರಿಗೂ ಏನೂ ಆಗಿಲ್ಲಲ್ಲ, ತಮ್ಮಾ?"

"ತಮ್ಮಾ ಅನಬ್ಯಾಡ್ರಿ. ನನಗ ಯಾರೂ ತಮ್ಮಾ ಅನಬ್ಯಾಡ್ರಿ." ಫೋನು ಕಟ್ಟಾಯಿತು.

ಸಾಹೇಬರಿಗೆ ಕಿರಿಯರೆಲ್ಲ ತಮ್ಮಂದಿರೇ. ಕಳ್ಳನನ್ನೂ ಹಾಗೆಯೇ ಕರೆಯುವವರು. ಅವರು ನನ್ನ ಮುಖ ನೋಡಿದರು. ನಾನು ಚೀಟಿಯಲ್ಲಿ ಬರೆದದ್ದು ಒಂದೇ ಪದ: 'ತಮ್ಮ?' ಅವರು ಜೀಪಿನಿಂದ ತಲೆ ಹೊರಹಾಕಿ ಊರವರನ್ನು ಕೇಳಿದರು, "ಇವಂಗ ತಮ್ಮ ಯಾರದಾರ?"

"ಇದ್ದರಿ. ಈಗಿಲ್ಲ" ಎಂದ ಒಬ್ಬ. ಉಳಿದದ್ದನ್ನು ನಾಲ್ಕು ಜನ ಸೇರಿ ಹೇಳಿದರು. ತಮ್ಮ ನಾಗರಾಜ ಗುತ್ತಿಗೆಯ ಲೈನ್‌ಮನ್. ಹೋದ ಮಳೆಗಾಲದಲ್ಲಿ ಗಾಳಿಗೆ ಹರಿದ ತಂತಿ ಕಟ್ಟಲು ಕಂಬ ಹತ್ತಿದ್ದವನು ಅಲ್ಲೇ ಸುಟ್ಟು ಸತ್ತ. ಕಂಬ ಹತ್ತುವ ಮೊದಲು ಲೈನ್‌ಮನ್ ಗ್ರಿಡ್ಡಿಗೆ ಹೇಳಿ ಲೈನು ಬಂದ್ ಮಾಡಿಸಬೇಕು. ಕೆಲಸ ಮುಗಿಸಿ ಇಳಿದೆ ಎಂದು ಅವನೇ ತಿಳಿಸುವ ತನಕ ಒಳಗಿನವರು ಸ್ವಿಚ್ ಹಾಕುವಂತಿಲ್ಲ. ಇದಕ್ಕೆ ಅವರು ಎಲ್‌ಸಿ ತಗೊಳ್ಳೋದು ಅನ್ನುತ್ತಾರೆ. ನಾಗರಾಜ ಎಲ್‌ಸಿ ತೆಗೆದುಕೊಂಡಿರಲಿಲ್ಲ, ಕುಡಿದು ಹತ್ತಿದ್ದ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ದಿನ ಪಾಳಿಯಲ್ಲಿದ್ದವನು ಇದೇ ಚನ್ನಬಸಪ್ಪ. ಎಲ್‌ಸಿ ಕೇಳುವುದು, ಕೊಡುವುದು ಎಲ್ಲ ಫೋನಿನಲ್ಲಿ ಬಾಯಿಮಾತಿನಲ್ಲೇ ನಡೆಯುತ್ತಿತ್ತಂತೆ. ಹಾಗಾಗಿ ಕೇಳಿದವನು ಸತ್ತ ಮೇಲೆ ಉಳಿದದ್ದು ಕೊಟ್ಟವನ ಮಾತೊಂದೇ.

ಅಷ್ಟರಲ್ಲಿ ಊರಿನ ಮುಖಂಡರೊಬ್ಬರು ನಮ್ಮನ್ನು ಕೇಳದೆ ಬೇಲಿಯ ಹತ್ತಿರ ಹೋಗಿ, "ಫಕ್ಕೀರಾ, ಪರಿಹಾರ ಜಾಸ್ತಿ ಕೊಡಸ್ತೀವೋ, ಹೊರಗ ಬಾ" ಎಂದು ಕೂಗಿದರು. ಒಳಗಿನಿಂದ ಏನೋ ಕಬ್ಬಿಣದ್ದು ಬಾಗಿಲಿಗೆ ಬಡಿಯಿತು. ಯಲ್ಲವ್ವನ ಅಳು ಕೇಳಿಸಿತು. ಸಾಹೇಬರು ಆ ಮುಖಂಡರಿಗೆ ಏನೂ ಅನ್ನಲಿಲ್ಲ. ಹವಾಲ್ದಾರನನ್ನು ಕರೆದು, ಅವರಿಗೆ ಚಹಾ ಕುಡಿಸಲು ಪೇಟೆಗೆ ಕರೆದುಕೊಂಡು ಹೋಗು ಅಂದರು. ದೂರದ ಪೇಟೆಗೆ.

ಎರಡನೆಯ ಸಲ ಫೋನು ಎತ್ತಿದಾಗ ಅವರ ದನಿ ಬೇರೆಯಾಗಿತ್ತು. ಇಂದಿಗೂ ಅದನ್ನು ಹೇಗೆ ಹೇಳಬೇಕೋ ತಿಳಿಯದು. ತಗ್ಗಿತ್ತು ಎಂದರೆ ಸಾಲದು. ಯಾವ ಅವಸರವೂ ಇಲ್ಲದ, ಮನೆಯ ಕಟ್ಟೆಯ ಮೇಲೆ ಕುಳಿತವರ ದನಿ.

"ಫಕ್ಕೀರಪ್ಪ, ನಾ ತಪ್ಪು ಮಾತಾಡಿದೆ. ಗೊತ್ತಿರಲಿಲ್ಲ. ನಿನ್ನ ತಮ್ಮನ ಹೆಸರೇನು?"

ಹೆಸರು ಅವರಿಗೆ ಗೊತ್ತಿತ್ತು. ಆದರೂ ಕೇಳಿದರು. ಬಹಳ ಹೊತ್ತು ಉತ್ತರ ಬರಲಿಲ್ಲ. ನನ್ನ ಕೈ ಚೀಟಿಯ ಕಡೆ ಹೋಯಿತು, ಇನ್ನೊಂದು ಪ್ರಶ್ನೆ ಹಾಕಿ ಎಂದು ಬರೆಯೋಣವೆಂದು. ಅವರು ನೋಡದೆಯೇ ನನ್ನ ಕೈಯನ್ನು ಸೀಟಿಗೆ ಒತ್ತಿಹಿಡಿದರು.

"ನಾಗರಾಜ" ಎಂದಿತು ಫೋನು. "ನಾಗ್ಯಾ ಅಂತಿದ್ವಿ."

"ನಾಗ್ಯಾ ಹೆಂಗಿದ್ದ?"

ಆಮೇಲೆ ಸಾಹೇಬರು ಮಾತಾಡಿದ್ದು ಕಡಿಮೆ. ಹಾಂ ಅನ್ನುವರು, ಇಲ್ಲವೆ ಅವನ ಕೊನೆಯ ಮಾತನ್ನೇ ಮತ್ತೆ ಅನ್ನುವರು. "ಗಿಡ ಏರಾಂವ ಇದ್ದ" ಎಂದು ಅವನೆಂದರೆ "ಗಿಡ ಏರಾಂವ" ಅನ್ನುವರು. ಅಷ್ಟಕ್ಕೇ ಅವನು ಮುಂದುವರಿಯುತ್ತಿದ್ದ. ನಾಗ್ಯಾ ಬೇವಿನ ಗಿಡದ ತುದಿಯಿಂದ ಕೆಳಗಿನವರನ್ನು ಹೆಸರು ಹಿಡಿದು ಕೂಗುತ್ತಿದ್ದದ್ದು, ಕಂಬದ ಕೆಲಸ ಸಿಕ್ಕಾಗ "ಇನ್ನ ಏರಾಕ ಪಗಾರ ಕೊಡ್ತಾರ" ಎಂದು ನಕ್ಕದ್ದು, ಎಲ್ಲ ಹೇಳಿದ. "ಚಾ ಸೈತ ಕುಡೀತಿರಲಿಲ್ರಿ ಅಂವ. ಹಾಲು ಕುಡೀತಿದ್ದ, ಕೂಸಿನಂಗ. ಅವಂಗ ಕುಡುಕ ಅಂದ್ರು."

"ಕುಡುಕ ಅಂದ್ರು" ಎಂದರು ಸಾಹೇಬರು. ನಂತರ ನಿಧಾನಕ್ಕೆ, "ಅದು ನಿನಗ ಅಂವ ಸತ್ತದ್ದಕಿಂತ ಹೆಚ್ಚು ನೋವಾಗೇತಿ."

"ನನಗಲ್ರಿ, ನಮ್ಮವ್ವಗ. ಕಡ್ಲಿ ಕೀಳಾಕ ಹೋದ್ರ ಸಾಲಿನ್ಯಾಗ ಬಾಜೂಕ ಯಾರೂ ಕುಂಡ್ರಂಗಿಲ್ಲ. ಒಬ್ಬಾಕಿ ಅಂದ್ಲಂತ, ಕುಡದು ಕಂಬ ಏರಿ ಊರಿಗೆಲ್ಲಾ ಕತ್ತಲಿ ಮಾಡಿದಾಂವನ ಅವ್ವ ಅಂತ. ಅವತ್ತಿಂದ ಅಕೀ ಹೊಸ್ತಿಲಾ ದಾಟಿಲ್ಲ."

ಅವನ ತಾಯಿ ಗಂಗವ್ವನನ್ನು ಕರೆಸಿ ಮಾತಾಡಿಸೋಣವೆಂದು ಮರದ ಕೆಳಗಿದ್ದ ಮೇಲಿನ ಅಧಿಕಾರಿ ಹೇಳಿಕಳಿಸಿದರು. ಸಾಹೇಬರು ಬೇಡವೆಂದರು. ಮನೆಯವರ ಮುಂದೆ ಸೋಲಲಾರದೆ ಬೆಂಕಿ ಹಚ್ಚಿಕೊಂಡವರಿದ್ದಾರೆ ಎಂದು ನಮ್ಮ ಪಾಠದಲ್ಲೂ ಇತ್ತು.

ನೀರು ಕೇಳಿದ. ಸಾಹೇಬರು ಕೂಡಲೇ ಕೊಡಲಿಲ್ಲ. "ನೀರು ಕಳಸ್ತೀನಿ. ಯಲ್ಲವ್ವ ವಯಸ್ಸಾದಾಕಿ, ಅಕೀದೇನೂ ತಪ್ಪಿಲ್ಲ. ಬಾಗ್ಲಾಗ ಇಟ್ಟ ಕೊಡ ಅಕೀ ಒಳಗ ಸರಿಸಿ, ಹಂಗ ಹೊರಗ ಬರ್ಲಿ" ಅಂದರು. ಸ್ವಲ್ಪ ಹೊತ್ತಿಗೆ ಯಲ್ಲವ್ವ ಹೊರಬಂದಳು. "ನನಗೇನೂ ಮಾಡಿಲ್ರಿ ಅಂವ" ಎಂದಳು ನನ್ನ ಬಳಿ. "ಕುಂಡ್ರು ಚಿಗವ್ವ ಅಂತ ಕುರ್ಚಿ ಕೊಟ್ಟ. ಆದ್ರ ಚನ್ನಬಸಪ್ಪನ ಅಂಗಿಗೆ ಪೆಟ್ರೋಲ್ ಸುರುವ್ಯಾನ್ರಿ. ಕಡ್ಡಿಪೆಟ್ಟಿಗಿ ಕೈಯಾಗ ಹಿಡಕೊಂಡಾನ. ಚನ್ನಬಸಪ್ಪ ಕೈ ಮುಗುದು, ನೀ ಏನಂತಿ ಅದನ್ನ ಹೇಳ್ತೀನಿ ಅಂದ. ಅದಕ್ಕ ಇವಂಗ ಸಿಟ್ಟು ಬಂತು. ನಾ ಅಂದಿದ್ದು ಹೇಳಬ್ಯಾಡ, ಆಗಿದ್ದು ಹೇಳು ಅಂದ."

ಆ ಮಾತನ್ನು ನಾನು ಹಾಗೆಯೇ ಚೀಟಿಯಲ್ಲಿ ಬರೆದು ಸಾಹೇಬರಿಗೆ ಕೊಟ್ಟೆ. ಅವರು ಓದಿ ಮಡಚಿ ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ನಮಗೆ ಹೆಚ್ಚಿನ ಕಷ್ಟವಾದದ್ದು ಒಳಗಿನವನಿಗಿಂತ ಹೊರಗಿನವರಿಂದ. ಕರೆಂಟಿಲ್ಲದೆ ಗಿರಣಿ ನಿಂತಿತ್ತು, ಕುಡಿಯುವ ನೀರಿನ ಘಟಕ ನಿಂತಿತ್ತು, ಕೊನೆಯ ನೀರು ಬಿಡಬೇಕಾದ ಹೊಲಗಳಲ್ಲಿ ಪಂಪು ನಿಂತಿದ್ದವು. ಕೆಲಸವಿಲ್ಲದವರೆಲ್ಲ ಬೇಲಿಗೆ ಬಂದು ಒತ್ತಿದ್ದರು. ಒಳಗೆ ನುಗ್ಗಿ ಎಳೆದು ತನ್ನಿ ಎಂದು ಕೆಲವರು, ಆ ಚನ್ನಬಸಪ್ಪನನ್ನೇ ಸುಡಲಿ ಬಿಡಿ ಎಂದು ಕೆಲವರು. ಅವರ ಕೂಗೆಲ್ಲ ಕೋಣೆಯ ಒಳಗೂ ಕೇಳುತ್ತಿತ್ತು. ಅದೇ ಹೊತ್ತಿಗೆ ಫಕ್ಕೀರಪ್ಪ ತನ್ನ ಫೋನಿನ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದ.

ಸಾಹೇಬರು ತಕ್ಷಣ ಹೇಳಿದರು, "ಅದು ಬಂದ್ ಆದ್ರ ನಾವಿಬ್ರೂ ಹೆಂಗ ಮಾತಾಡೂದು? ಒಂದು ಮಾಡು. ಲೈನು ಹಾಕ್ಸು. ಫೋನೂ ಚಾರ್ಜ್ ಆಗ್ತತಿ, ಈ ಮಂದೀನೂ ಪಂಪು ಚಾಲೂ ಮಾಡಾಕ ಓಡ್ತಾರ. ನಿನ್ನ ಮಾತು ನಾ ಸಮಾಧಾನಲೇ ಕೇಳಬೌದು."

ಗುಂಪು ಚದುರಿಸಲು ಲಾಠಿ ಬೇಕಿಲ್ಲ, ಕರೆಂಟು ಬಂದರೆ ಸಾಕು ಎನ್ನುವುದು ನನಗೆ ಹೊಳೆದಿರಲಿಲ್ಲ. ಮೆಚ್ಚಿಕೊಳ್ಳುತ್ತಿದ್ದೆ. ಆಗ ಫೋನಿನಲ್ಲಿ ಫಕ್ಕೀರಪ್ಪನ ದನಿ ಬಂತು.

"ಹಾಕಸ್ತೀನ್ರಿ. ಆದ್ರ ಮೊದ್ಲ ಲೈನಿನ ಮ್ಯಾಲೆ ಯಾರಾದ್ರೂ ಅದಾರೇನು ಕೇಳ್ರಿ. ಮುಂಜಾನಿಂದ ಬಂದ್ ಐತಿ. ಯಾರರೆ ಕಂಬ ಏರಿದ್ರ?"

ಸಾಹೇಬರು ಕಣ್ಣು ಮುಚ್ಚಿದರು. ಒಬ್ಬನ ಅಂಗಿಗೆ ಪೆಟ್ರೋಲ್ ಸುರಿದು, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ನಿಂತವನು ತನಗೆ ಗೊತ್ತಿಲ್ಲದ ಯಾವನೋ ಕಂಬದ ಮೇಲೆ ಇರಬಹುದೆಂದು ಹೆದರುತ್ತಿದ್ದ. ಅವನು ಯಾರನ್ನೂ ಕೊಲ್ಲಲು ಬಂದವನಲ್ಲ ಎಂದು ನನಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ. ಆದರೆ ಕೊಲ್ಲಲು ಬಾರದವನ ಕೈಯಲ್ಲೂ ಕಡ್ಡಿ ಹೊತ್ತಿಕೊಳ್ಳುತ್ತದೆ.

"ಛಲೋ ನೆನಪು ಮಾಡಿದಿ" ಎಂದರು ಸಾಹೇಬರು. "ಒಬ್ಬೊಬ್ಬರ್ನ ಕೇಳಸ್ತೀನಿ. ನಿನ್ನ ಕಿವೀಲೇ ಕೇಳು."

ಕರೆಂಟಿನ ಸೆಕ್ಷನ್ ಆಫೀಸರ್ ನಮ್ಮ ಜೀಪಿನ ಬಾಗಿಲಲ್ಲಿ ನಿಂತು ತನ್ನ ಫೋನಿನಿಂದ ಆ ಭಾಗದ ಲೈನ್‌ಮನ್‌ಗಳಿಗೆಲ್ಲ ಒಬ್ಬೊಬ್ಬರಾಗಿ ಕರೆ ಮಾಡಿದರು. ಎರಡೂ ಫೋನುಗಳನ್ನು ಬಾಯಿಗೆ ಬಾಯಿ ಕೊಟ್ಟು ಹಿಡಿದೆ. ಪ್ರತಿಯೊಬ್ಬನೂ ತನ್ನ ಹೆಸರು ಹೇಳಿ, "ನಾ ಕೆಳಗ ಅದೀನ್ರಿ" ಅನ್ನುತ್ತಿದ್ದ. ಮತ್ತೊಬ್ಬ: "ನಾ ಕೆಳಗ ಅದೀನ್ರಿ." ಅದನ್ನು ಫಕ್ಕೀರಪ್ಪ ಕೇಳುತ್ತಿದ್ದ. ಅವನ ಪಕ್ಕದಲ್ಲಿ ಚನ್ನಬಸಪ್ಪನೂ ಕೇಳುತ್ತಿದ್ದ.

ಒಬ್ಬನ ಫೋನು ಮಾತ್ರ ಹತ್ತಲಿಲ್ಲ. ಸ್ವಿಚ್ ಆಫ್. ಬೇರೆ ಯಾವ ದಿನವಾದರೂ ಎಲ್ಲೋ ಇರ್ತಾನೆ ಬಿಡಿ ಎಂದು ಹಾಕಿಬಿಡುತ್ತಿದ್ದರೇನೋ. ಫಕ್ಕೀರಪ್ಪ, "ಹಂಗಾದ್ರ ಹಾಕಬ್ಯಾಡ್ರಿ" ಎಂದ. ಒಬ್ಬ ಕಾನ್‌ಸ್ಟೇಬಲ್ ಮೋಟಾರ್ ಸೈಕಲ್ ಮೇಲೆ ಹೊರಟ. ನಾವು ಕಾದೆವು. ಜನ ಬೇಲಿ ಅಲುಗಾಡಿಸುತ್ತಿದ್ದರು. ಬ್ಯಾಟರಿ ಇಳಿಯುತ್ತಿತ್ತು. ಮರದ ಕೆಳಗಿನಿಂದ ಇನ್ನೆಷ್ಟು ಹೊತ್ತು ಎಂದು ಮತ್ತೆ ಮತ್ತೆ ಹೇಳಿಕಳಿಸುತ್ತಿದ್ದರು. ಸಾಹೇಬರು ಫೋನನ್ನು ಕಿವಿಗೆ ಹಿಡಿದು ಸುಮ್ಮನೆ ಕುಳಿತಿದ್ದರು, ಮೌನವನ್ನೇ ಆ ಕಡೆಗೆ ಕಳಿಸುತ್ತಿರುವವರಂತೆ. ಕೊನೆಗೆ ಕಾನ್‌ಸ್ಟೇಬಲ್‌ನ ಕರೆ ಬಂತು. ಹೊಲದ ಬದುವಿನಲ್ಲಿ ರೊಟ್ಟಿ ತಿನ್ನುತ್ತಾ ಕುಳಿತಿದ್ದ ಲೈನ್‌ಮನ್ ಕಾನ್‌ಸ್ಟೇಬಲ್‌ನ ಫೋನಿನಲ್ಲೇ ಗಾಬರಿಯಿಂದ ಹೇಳಿದ: "ನಾ ಕೆಳಗ ಅದೀನ್ರಿ. ಏನಾತ್ರಿ?"

ಟ್ರಾನ್ಸ್‌ಫಾರ್ಮರುಗಳು ಗುಂಯ್ ಅಂದವು. ದೂರದಲ್ಲಿ ಗಿರಣಿಯ ಸದ್ದು ಎದ್ದಿತು. ಅರ್ಧ ಗುಂಪು ಹೊಲಗಳ ಕಡೆ ಓಡಿತು.

"ಇಂವ ಅಳಾಕತ್ತಾನ್ರಿ" ಎಂದ ಫಕ್ಕೀರಪ್ಪ ಫೋನಿನಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅಚ್ಚರಿ ಇತ್ತು. "ಸ್ವಿಚ್ ಹಾಕಿ ಹಂಗ ಕೆಳಗ ಕುಂತ. ಹೇಳ್ತೀನಿ ಅನ್ನಾಕತ್ತಾನ್ರಿ. ಎಲ್ಲಾ ಹೇಳ್ತಾನಂತ."

ಇದಕ್ಕಾಗಿಯೇ ಅವನು ಬೆಳಗಿನಿಂದ ಕುಳಿತದ್ದು. ಈಗ ಹೇಳಿಸಿ, ಫೋನಿನಲ್ಲಿ ಹಿಡಿದು ಮುಗಿಸಿಬಿಡಬಹುದಲ್ಲ ಎಂದು ನನಗನಿಸಿತು. ಸಾಹೇಬರು ಅಂದದ್ದೇ ಬೇರೆ.

"ಈಗ ಹೇಳಸಬ್ಯಾಡ, ಫಕ್ಕೀರಪ್ಪ."

"ಯಾಕ್ರಿ?"

"ಪೆಟ್ರೋಲ್ ಡಬ್ಬಿ ಮುಂದ ಕುಂಡ್ರಿಸಿ ಹೇಳಿಸಿದ ಮಾತು ಯಾರು ನಂಬ್ತಾರ? ಕೋರ್ಟ್ ನಂಬೂದಿಲ್ಲ. ಊರು ನಂಬೂದಿಲ್ಲ. ಹೆದರಿ ಹೇಳ್ಯಾನ ಅಂತಾರ. ಆಮ್ಯಾಲೆ ನಾಗ್ಯಾನ ಹೆಸರು ಮತ್ತ ಯಾವಾಗ ತೊಳೀತಿ?"

"ಹೊರಗ ಹೋದ ಮ್ಯಾಲೆ ಹೇಳದಿದ್ರ?"

ನಾನು ಚೀಟಿಯ ಮೇಲೆ ಬರೆದೆ: 'ಹೇಳಿಸುತ್ತೇನೆ ಎನ್ನಿ.' ಅವರು ಓದಿದರು. ತಲೆ ಅಲ್ಲಾಡಿಸಿದರು.

"ಹೇಳದಿರಬೌದು. ನಾ ನಿನಗ ಸುಳ್ಳು ಹೇಳೂದಿಲ್ಲ. ಅಂವ ಹೊರಗ ಬಂದು ಬಾಯಿ ಮುಚ್ಚಿದ್ರ ನಾ ತೆಗಸಾಕ ಬರೂದಿಲ್ಲ. ಆದ್ರ ಅಂವ ಹೇಳಿದ್ರ, ಆ ಮಾತಿಗೆ ಬೆಲಿ ಇರ್ತತಿ. ಕೇಳಾಕ ನಾವು ಅದೀವಿ. ನಿನ್ನ ಮ್ಯಾಲೂ ಕೇಸ್ ಆಗ್ತತಿ, ಜೇಲ್ ಆಗ್ತತಿ. ಅದನ್ನೂ ಮುಚ್ಚಿಡೂದಿಲ್ಲ."

ಫೋನಿನಲ್ಲಿ ಮೂಗು ಎಳೆದುಕೊಂಡ ಸದ್ದು. ಯಾರದೋ, ಒಬ್ಬರದೋ ಇಬ್ಬರದೋ. ಬಿಸಿಲು ಬೇಲಿಯಿಂದ ಕೆಳಗಿಳಿದು ಗಾಳಿ ತಣ್ಣಗಾಗತೊಡಗಿತ್ತು.

"ನನ್ನ ಬಡೀತಾರೇನ್ರಿ?" ಎಂದ ಕೊನೆಗೆ.

"ಇಲ್ಲ. ನಾ ಬಾಜೂಕ ಇರ್ತೀನಿ." ಆಮೇಲೆ ಸಾಹೇಬರು ಮಗುವಿಗೆ ಶಾಲೆಯ ದಾರಿ ಹೇಳಿದ ಹಾಗೆ ಒಂದೊಂದನ್ನೇ ಹೇಳಿದರು. ಮೊದಲು ಚನ್ನಬಸಪ್ಪ ಬರಲಿ. ಡಬ್ಬಿ, ಕಡ್ಡಿಪೆಟ್ಟಿಗೆ ಒಳಗೇ ಇರಲಿ. ಆಮೇಲೆ ನೀ ಬಾ, ಎರಡೂ ಕೈ ತೋರಿಸುತ್ತಾ ಬಾ, ಓಡಬೇಡ. ಇಬ್ಬರು ಹಿಡಿಯುತ್ತಾರೆ, ಬೇಡಿ ಹಾಕುತ್ತಾರೆ, ಹೆದರಬೇಡ. ಶರಣಾಗು ಎನ್ನುವ ಮಾತನ್ನು ಒಮ್ಮೆಯೂ ಆಡಲಿಲ್ಲ.

ಬಾಗಿಲು ತೆರೆಯಿತು. ಅವರು ಹೇಳಿದ ಹಾಗೆಯೇ ಆಯಿತು. ಬೇಲಿಯ ಕಡೆಯಿಂದ ಒಬ್ಬಿಬ್ಬರು ಕೈ ಎತ್ತಿಕೊಂಡು ಬಂದಾಗ ಸಾಹೇಬರು ಫಕ್ಕೀರಪ್ಪನ ಮುಂದೆ ಅಡ್ಡ ನಿಂತರು. ಅವನನ್ನು ಗಾಡಿ ಹತ್ತಿಸಿದ ಮೇಲೆ ಜೀಪಿಗೆ ಬಂದು ಕುಳಿತರು. ಹವಾಲ್ದಾರ ಬಂದು "ಸರ್, ಮಾಧ್ಯಮದವ್ರು..." ಎನ್ನುವಷ್ಟರಲ್ಲಿ, "ಬಂದಾರ, ಗೊತ್ತೈತಿ, ಕಳಸು" ಎಂದು ಗದರಿದರು. ನಾನು ನಕ್ಕುಬಿಟ್ಟೆ.

ಠಾಣೆಗೆ ಮರಳುವಾಗ ಕೇಳಿಯೇ ಕೇಳಿದೆ. "ಸರ್, ಇಷ್ಟು ತಾಳ್ಮಿ ಎಲ್ಲಿಟ್ಟಿದ್ರಿ?"

"ನಮ್ಮಪ್ಪಗ ಲಕ್ವಾ ಹೊಡದು ನಾಲಿಗಿ ಎಳಕೊಂಡೈತಿ, ತಂಗಿ" ಅಂದರು. "ನೀರು ಬೇಕು ಅನ್ನಾಕ ಅವಗ ಬಾಳ ಹೊತ್ತು ಹಿಡೀತತಿ. ನಾ ನಡುವ ಬಾಯಿ ಹಾಕಿ ನೀರೇನಪಾ ಅಂದ್ರ ಅಳ್ತಾನ. ಅದಕ್ಕ ಕಾಯ್ತೀನಿ. ನನ್ನ ತಾಳ್ಮಿ ಎಲ್ಲಾ ಮನ್ಯಾಗ ಖರ್ಚಾಗ್ತತಿ. ಠಾಣಾಕ್ಕ ಬರೂದ್ರಾಗ ಏನೂ ಉಳ್ಯಾಂಗಿಲ್ಲ."

ಮರುದಿನ ಚನ್ನಬಸಪ್ಪನ ಹೇಳಿಕೆ ಪಡೆಯಲು ತಾಲೂಕಾ ಆಸ್ಪತ್ರೆಗೆ ನನ್ನನ್ನು ಕಳಿಸಿದರು. ಪೆಟ್ರೋಲಿಗೆ ಅವನ ಎದೆಯ ಚರ್ಮ ಕೆಂಪಾಗಿತ್ತು. ಹೆಂಡತಿ ಪಕ್ಕದಲ್ಲಿ ಕುಳಿತಿದ್ದಳು. ನಾನು ರೂಢಿಯ ಪ್ರಶ್ನೆ ಕೇಳಿದೆ: "ಅವತ್ತು ಏನಾತು, ಹೇಳ್ರಿ."

ಅವನು ಫ್ಯಾನಿನ ಕಡೆ ನೋಡುತ್ತಾ ಮಲಗಿದ್ದ. "ಯಾವತ್ತಿಂದು ಹೇಳ್ಲಿ ಮೇಡಂ?" ಎಂದ. "ನಿನ್ನಿದೋ, ಅವತ್ತಿಂದೋ?"

ನನಗೆ ನಾಲಿಗೆ ತುದಿಗೆ ಬಂದ ಪ್ರಶ್ನೆಗಳು ಎಷ್ಟೋ. ಒಂದನ್ನೂ ಕೇಳಲಿಲ್ಲ. ನನ್ನ ಕೈಯನ್ನು ನಾನೇ ಮಂಚದ ಅಂಚಿಗೆ ಒತ್ತಿ ಹಿಡಿದೆ. ಹೆಂಡತಿ ಏನೋ ಹೇಳಹೋದಳು. ಅವನು ಬೇಡವೆಂದು ಕೈಮಾಡಿದ. ಆಮೇಲೆ ಹೇಳಿದ. ನಾಗರಾಜ ಫೋನು ಮಾಡಿ ಎಲ್‌ಸಿ ಕೇಳಿದ್ದ. ತಾನು ಬಂದ್ ಮಾಡಿ, ಏರು ಅಂದಿದ್ದ. ಮಳೆಗೆ ನಾಲ್ಕೂ ಕಡೆ ಲೈನು ಬಿದ್ದಿದ್ದವು, ನಾಲ್ಕೂ ಕಡೆಯಿಂದ ಫೋನು, ಕರೆಂಟು ಯಾವಾಗ ಎಂದು ಬೈಗುಳ. ಆ ಗದ್ದಲದಲ್ಲಿ ಒಂದು ಲೈನು ಹಾಕಲು ಹೋಗಿ ನಾಗರಾಜ ಏರಿದ್ದ ಲೈನನ್ನು ಹಾಕಿದ. "ಕೇಳಲಿಲ್ಲರಿ ನಾನು. ಇಳಿದೇನಪಾ ಅಂತ ಒಂದ ಮಾತು ಕೇಳಬೇಕಾಗಿತ್ತು. ನಿನ್ನಿ ಅವರೆಲ್ಲಾ ಕೆಳಗ ಅದೀನಿ, ಕೆಳಗ ಅದೀನಿ ಅನ್ನಾಕತ್ತಿದ್ರಲ್ಲ, ಆಗ..." ಕುಡಿದಿದ್ದ ಎಂಬ ಮಾತನ್ನು ತಾನು ಹುಟ್ಟಿಸಲಿಲ್ಲ, ಯಾರೋ ಅಂದರು, ತಾನು ಅಲ್ಲಗಳೆಯಲಿಲ್ಲ ಎಂದ. ಅವನು ಹೇಳುವುದನ್ನೆಲ್ಲ ಬರೆದುಕೊಂಡು ಎದ್ದಾಗ ಕರೆದ. "ಅವರವ್ವಗ ಇದನ್ನ ಇವತ್ತ ತಿಳಸ್ರಿ, ಮೇಡಂ. ನನಗ ಹೋಗಾಕ ಮುಖ ಇಲ್ಲ."

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಚಾರಣೆ ಮತ್ತೆ ತೆರೆಯಿತು. ಚನ್ನಬಸಪ್ಪ ಕೆಲಸ ಕಳೆದುಕೊಂಡ, ಕೋರ್ಟಿನಲ್ಲೂ ಅದೇ ಮಾತು ಹೇಳಿದ. ಫಕ್ಕೀರಪ್ಪನಿಗೆ ಶಿಕ್ಷೆಯಾಯಿತು, ಅವನ ವಿರುದ್ಧ ಸಾಕ್ಷಿ ನುಡಿದವರಲ್ಲಿ ನಾನೂ ನಡುವಿನಮನಿ ಸಾಹೇಬರೂ ಇದ್ದೆವು. ಸಾಹೇಬರು ನಿವೃತ್ತಿಯಾಗುವ ತನಕ ಅವನನ್ನು ಜೈಲಿನಲ್ಲಿ ನೋಡಿ ಬರುತ್ತಿದ್ದರು. ಅವನು ಹೊರಬಂದು ಈಗ ಅದೇ ವೆಲ್ಡಿಂಗ್ ಅಂಗಡಿ ನಡೆಸುತ್ತಿದ್ದಾನೆ.

ಆ ದಿನ ಆಸ್ಪತ್ರೆಯಿಂದ ನಾನು ನೇರ ಗಂಗವ್ವನ ಮನೆಗೆ ಹೋದೆ. ಬಾಗಿಲಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ಒಬ್ಬ ಮಗ ಮಣ್ಣಿನಲ್ಲಿ, ಒಬ್ಬ ಮಗ ಲಾಕಪ್ಪಿನಲ್ಲಿ. ಏನು ಹೇಳಿ ಆರಂಭಿಸುವುದೋ ತಿಳಿಯದೆ ಅವಳ ಪಕ್ಕದಲ್ಲೇ ಕುಳಿತು, ಚನ್ನಬಸಪ್ಪ ಹೇಳಿದ್ದನ್ನು ಹೇಳಿದೆ. ಅಳಬಹುದು, ಬೈಯಬಹುದು ಎಂದುಕೊಂಡಿದ್ದೆ. ಅವಳು ಮೊರದಲ್ಲಿನ ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತೀಯವ್ವಾ?" ಅಂದಳು. "ನನ್ನ ಮಗಾ ನನಗ ಗೊತ್ತಿಲ್ಲೇನು?"

ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಡಿ" ಎಂದಳು.

ಎಲ್ಲಿಗೆಂದು ನಾನು ಕೇಳಲಿಲ್ಲ. ಸಮವಸ್ತ್ರದಲ್ಲಿ ಅವಳ ಹಿಂದೆ ನಡೆದೆ. ಕಟ್ಟೆಗಳ ಮೇಲೆ ಕುಳಿತಿದ್ದವರು ಎದ್ದು ನಿಂತರು. ಊರು ದಾಟಿ, ಕಾಲುವೆ ದಾಟಿ ಒಂದು ಹೊಲಕ್ಕೆ ಬಂದೆವು. ಒಣಗಿದ ಕಡಲೆ ಗಿಡಗಳನ್ನು ಬೇರುಸಹಿತ ಕೀಳುತ್ತಾ ಹೆಂಗಸರು ಸಾಲು ಹಿಡಿದು ಕುಳಿತು ಮುಂದೆ ಸರಿಯುತ್ತಿದ್ದರು. ಗಂಗವ್ವನನ್ನು ಕಂಡು ಒಬ್ಬೊಬ್ಬರೇ ಕೈ ನಿಲ್ಲಿಸಿದರು.

"ಇವರಿಗೆ ಹೇಳು" ಅಂದಳು ನನಗೆ.

ಹೇಳಿದೆ. ನಾಗರಾಜ ಕುಡಿದಿರಲಿಲ್ಲ. ಕೇಳಿಯೇ ಕಂಬ ಹತ್ತಿದ್ದ. ಲೈನು ಹಾಕಿದವನೇ ಇವತ್ತು ಬಾಯಿಬಿಟ್ಟು ಹೇಳಿದ್ದಾನೆ. ಇಷ್ಟೇ ಮಾತು. ಗಾಳಿಯಲ್ಲಿ ಒಣಗಿದ ಗಿಡಗಳು ಸರಸರ ಅನ್ನುತ್ತಿದ್ದವು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ.

ಸಾಲಿನ ನಡುವೆ ಕುಳಿತಿದ್ದ ಒಬ್ಬಾಕೆ ಕುಳಿತಲ್ಲೇ ಸ್ವಲ್ಪ ಎಡಕ್ಕೆ ಸರಿದಳು. ಅವಳ ಬಲದಾಕೆ ಬಲಕ್ಕೆ ಸರಿದಳು. ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಗಂಗವ್ವ ಸೀರೆ ಎತ್ತಿ ಸಿಕ್ಕಿಸಿಕೊಂಡು ಅಲ್ಲಿ ಹೋಗಿ ಕುಳಿತು, ಮುಂದಿದ್ದ ಗಿಡಕ್ಕೆ ಕೈ ಹಾಕಿದಳು.